ಮನೆಯೊಳಗಿನ ಹಿಂಸೆಗೆ ಯಾವ ದಾರಿ ಮೊದಲು: ಠಾಣೆ, ಡಿವಿ ಅರ್ಜಿ, ಜೀವನಾಂಶ, ವಿಚ್ಛೇದನ

ಗಂಡನ ಮನೆಯಲ್ಲಿ ಇನ್ನು ಸಾಧ್ಯವಿಲ್ಲ ಎಂದು ತವರಿಗೆ ಬಂದ ಹೆಣ್ಣುಮಗಳಿಗೆ ಊರಿನವರಿಂದ ಸಾಮಾನ್ಯವಾಗಿ ಎರಡು ಸಲಹೆ ಸಿಗುತ್ತವೆ. ‘ಪೊಲೀಸ್ ಕೇಸ್ ಹಾಕು, ಬುದ್ಧಿ ಬರ್ತದೆ’ ಎನ್ನುವವರು ಒಂದು ಕಡೆ, ‘ಡೈವೋರ್ಸ್ ತಗೊಂಡುಬಿಡು’ ಎನ್ನುವವರು ಇನ್ನೊಂದು ಕಡೆ. ಇವೆರಡರಿಂದಲೂ ಅವಳಿಗೆ ಆ ತಿಂಗಳ ಅಕ್ಕಿ, ಮಗುವಿನ ಶಾಲೆಯ ಫೀ, ಬಾಗಿಲು ಹಾಕಿಕೊಂಡು ನಿಶ್ಚಿಂತೆಯಿಂದ ಮಲಗುವ ಒಂದು ಕೋಣೆ ಸಿಗುವುದಿಲ್ಲ. ಅದನ್ನು ಕೊಡಿಸುವ ಕಾನೂನು ಬೇರೆ. ಅದರ ಹೆಸರು ಬಹಳ ಜನ ಕೇಳಿದ್ದಾರೆ, ಬಳಸುವವರು ಕಡಿಮೆ.

ಶಿಕ್ಷೆ ಎಲ್ಲಿ ಹೆಚ್ಚು ಎಂದು ನೋಡಿ ದಾರಿ ಆರಿಸಬೇಡಿ. ಮುಂದಿನ ಎರಡು ತಿಂಗಳು ಬದುಕಲು ಏನು ಬೇಕು ಎಂದು ಕೇಳಿಕೊಂಡು ಆರಿಸಿ. ಸೂರು, ರಕ್ಷಣೆ, ಖರ್ಚಿನ ಹಣ ಮೂರೂ ಬೇಕಿದ್ದರೆ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ, ಅಂದರೆ ಎಲ್ಲರೂ ಡಿವಿ ಎನ್ನುವ ಕಾಯ್ದೆ. ಜೀವಕ್ಕೆ ಅಪಾಯವಿದ್ದರೆ, ವರದಕ್ಷಿಣೆಗೆ ಪೀಡಿಸುತ್ತಿದ್ದರೆ ಪೊಲೀಸ್ ದೂರು. ಹೊಡೆತವಿಲ್ಲ, ಆದರೆ ಗಂಡ ಹಣ ಕಳಿಸುತ್ತಿಲ್ಲ ಎಂದಾದರೆ ಜೀವನಾಂಶದ ಅರ್ಜಿ. ಮದುವೆಯನ್ನೇ ಮುಗಿಸಬೇಕೆಂದು ಮನಸ್ಸು ಗಟ್ಟಿಯಾದ ಮೇಲೆ ವಿಚ್ಛೇದನ. ಒಂದನ್ನು ಹಿಡಿದರೆ ಉಳಿದವು ಮುಚ್ಚಿಹೋಗುವುದಿಲ್ಲ. ಆದರೆ ಯಾವುದನ್ನು ಮೊದಲು ಹಿಡಿಯುತ್ತೀರಿ ಎಂಬುದರ ಮೇಲೆ ಮುಂದಿನ ಒಂದೆರಡು ವರ್ಷ ಹೇಗೆ ಕಳೆಯುತ್ತವೆ ಎಂಬುದು ನಿಂತಿದೆ.

ಇವತ್ತೇ ಅಪಾಯವಿದ್ದರೆ

ಆಗ ಹೋಲಿಕೆ ಮಾಡುತ್ತ ಕೂರುವ ಹೊತ್ತಲ್ಲ. 112ಕ್ಕೆ ಕರೆ ಮಾಡಿ. ಕರೆ ಬಂದ ದಿನ, ಸಮಯ ಅಲ್ಲಿ ದಾಖಲಾಗುತ್ತದೆ, ಮುಂದೆ ಅದೇ ಸಾಕ್ಷ್ಯ. 181 ಮಹಿಳಾ ಸಹಾಯವಾಣಿ. ಅಲ್ಲಿಂದ ಜಿಲ್ಲೆಯ ಸಖಿ ಕೇಂದ್ರದ ಸಂಪರ್ಕ ಸಿಗುತ್ತದೆ. ಸಖಿಯಲ್ಲಿ ಐದು ದಿನದವರೆಗೆ ತಾತ್ಕಾಲಿಕವಾಗಿ ಉಳಿಯಬಹುದು, ವೈದ್ಯಕೀಯ ಮತ್ತು ಕಾನೂನು ನೆರವನ್ನೂ ಅವರೇ ಜೋಡಿಸಿಕೊಡುತ್ತಾರೆ.

ಗಾಯವಾಗಿದ್ದರೆ ಠಾಣೆಗಿಂತ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋದರೂ ತಪ್ಪಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರದ ಜಿಲ್ಲಾ ಆಸ್ಪತ್ರೆ, ಶಿರಸಿಯ ಪಂಡಿತ್ ಆಸ್ಪತ್ರೆ ಅಥವಾ ಹತ್ತಿರದ ತಾಲೂಕು ಆಸ್ಪತ್ರೆ, ಯಾವುದಾದರೂ ಸರಿ. ವೈದ್ಯರು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣ, ಎಂದು ದಾಖಲಿಸಿ ಠಾಣೆಗೆ ತಿಳಿಸುತ್ತಾರೆ. ಬಹಳ ಕೇಸುಗಳು ಕೆಡುವುದು ಇಲ್ಲಿಯೇ. ಜೊತೆಗೆ ಅತ್ತೆಯೋ ಗಂಡನೋ ಬಂದಿರುತ್ತಾರೆ. ವೈದ್ಯರು ಕೇಳಿದಾಗ ‘ಅಂಗಳದ ಪಾಚಿಯಲ್ಲಿ ಜಾರಿ ಬಿದ್ದೆ’ ಎಂಬ ಮಾತು ಬಾಯಿಗೆ ಬಂದುಬಿಡುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಅದನ್ನು ನಂಬದವರು ಯಾರು? ಅದೇ ವಾಕ್ಯ ಕೇಸ್ ಶೀಟಿನಲ್ಲಿ ಕೂರುತ್ತದೆ. ಎರಡು ವರ್ಷದ ನಂತರ ಎದುರು ಪಕ್ಷದ ವಕೀಲರು ಅದನ್ನು ನ್ಯಾಯಾಲಯದಲ್ಲಿ ಓದಿ ಹೇಳುತ್ತಾರೆ. ವೈದ್ಯರೊಂದಿಗೆ ಒಬ್ಬರೇ ಮಾತಾಡಬೇಕು ಎಂದು ಕೇಳಿ. ಯಾರು, ಯಾವುದರಿಂದ, ಯಾವಾಗ ಹೊಡೆದರು ಎಂದು ಹೇಳಿ. ಒಪಿಡಿ ಚೀಟಿಯ ಪ್ರತಿಯನ್ನು ಇಟ್ಟುಕೊಳ್ಳಿ.

ಡಿವಿ ಅರ್ಜಿ: ಹೆಚ್ಚಿನವರಿಗೆ ಇದೇ ಮೊದಲ ಹೆಜ್ಜೆಯಾಗಬೇಕು

ಈ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತ ಮಾತ್ರವಲ್ಲ, ಲೈಂಗಿಕ ಬಲವಂತ, ಅವಮಾನದ ಮಾತು, ಹಣ ಕೊಡದಿರುವುದು, ದುಡಿದ ಸಂಬಳ ಕಿತ್ತುಕೊಳ್ಳುವುದು, ಚಿನ್ನ ಅಡವಿಡುವುದು ಎಲ್ಲವನ್ನೂ ಇದು ಹಿಂಸೆ ಎಂದೇ ಪರಿಗಣಿಸುತ್ತದೆ. ದಂಡಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ 18 ತುಂಬಿದ ಹೆಂಡತಿಯ ಮೇಲೆ ಗಂಡ ನಡೆಸುವ ಬಲಾತ್ಕಾರ ಇಂದಿಗೂ ಅತ್ಯಾಚಾರದ ವ್ಯಾಖ್ಯೆಯಿಂದ ಹೊರಗೇ ಇದೆ. ಹಾಗಾಗಿ ಮದುವೆಯೊಳಗಿನ ಲೈಂಗಿಕ ಹಿಂಸೆಯನ್ನು ನ್ಯಾಯಾಲಯದ ಮುಂದೆ ಹೇಳಿಕೊಳ್ಳಲು ಡಿವಿ ಅರ್ಜಿ ಬಹಳ ಮುಖ್ಯ. ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಬರೆದುಕೊಡಿ. ಅರ್ಜಿಯಲ್ಲಿ ಇಲ್ಲದ್ದನ್ನು ಆಮೇಲೆ ಸೇರಿಸಿದರೆ ‘ನಂತರ ಹುಟ್ಟಿಸಿದ ಕಥೆ’ ಎನ್ನುತ್ತಾರೆ.

ಹೆಂಡತಿ ಮಾತ್ರ ಹಾಕಬೇಕೆಂದಿಲ್ಲ. ಮದುವೆಯಂತಹ ಸಂಬಂಧದಲ್ಲಿ ಒಟ್ಟಿಗೆ ಬಾಳಿದವಳು, ತಾಯಿ, ಅಕ್ಕತಂಗಿ, ಗಂಡ ಸತ್ತ ಮೇಲೆ ಮನೆಯಿಂದ ಹೊರಹಾಕಲ್ಪಟ್ಟ ಸೊಸೆ, ಎಲ್ಲರೂ ಹಾಕಬಹುದು. ವಿಧವೆಯೊಬ್ಬರ ಪ್ರಕರಣದಲ್ಲೇ 2022ರಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕನ್ನು ಎತ್ತಿಹಿಡಿದಿದೆ. ಅರ್ಜಿ ಹಾಕುವ ದಿನ ಒಟ್ಟಿಗೇ ಇರಬೇಕೆಂದಿಲ್ಲ ಎಂದೂ ಅಲ್ಲಿ ಹೇಳಿದೆ. ಎದುರುದಾರ ಗಂಡಸೇ ಆಗಬೇಕೆಂಬ ಷರತ್ತು 2016ರಲ್ಲಿ ಬಿದ್ದುಹೋಗಿದೆ. ಅತ್ತೆ, ನಾದಿನಿಯರ ಮೇಲೂ ಅರ್ಜಿ ನಡೆಯುತ್ತದೆ. ಆದರೆ ಹೆಂಗಸನ್ನು ಮನೆಯಿಂದ ಹೊರಗೆ ಹಾಕು ಎಂಬ ಆದೇಶ ಸಿಗುವುದಿಲ್ಲ.

ದಾರಿ ಎರಡು. ಒಂದು, ರಕ್ಷಣಾಧಿಕಾರಿಯ ಮೂಲಕ. ಕರ್ನಾಟಕದಲ್ಲಿ ತಾಲೂಕಿನ ಸಿಡಿಪಿಒ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಅದೇ ಅಧಿಕಾರಿ, ರಕ್ಷಣಾಧಿಕಾರಿಯೂ ಹೌದು. ಅವರು ನಮೂನೆ 1ರಲ್ಲಿ ಘಟನಾ ವರದಿ ಬರೆದು ಜೆಎಂಎಫ್‌ಸಿ, ಅಂದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಕಳಿಸುತ್ತಾರೆ. ಎರಡನೆಯದು, ವಕೀಲರ ಮೂಲಕ ನೇರವಾಗಿ 12ನೇ ಕಲಂ ಅಡಿ ನಮೂನೆ 2ರಲ್ಲಿ ಅರ್ಜಿ. ನೇರ ಅರ್ಜಿಗೆ ಘಟನಾ ವರದಿ ಕಡ್ಡಾಯವಲ್ಲ. ವಕೀಲರು ಕೈಗೆ ಸಿಕ್ಕಿದ್ದರೆ ನೇರ ದಾರಿಯೇ ಬೇಗ. ಕುಗ್ರಾಮದಲ್ಲಿದ್ದು ಹೊರಬರಲಾಗದಿದ್ದರೆ ಸಿಡಿಪಿಒ ದಾರಿ ಒಳ್ಳೆಯದು, ಏಕೆಂದರೆ ಅವರಿಗೆ ಯಾರು ಬೇಕಾದರೂ ಮಾಹಿತಿ ಕೊಡಬಹುದು. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಪಕ್ಕದ ತೋಟದವರು ಯಾರಾದರೂ ಆಗಬಹುದು. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಕೇಸೂ ಆಗುವುದಿಲ್ಲ ಎಂದು 4ನೇ ಕಲಂ ಹೇಳುತ್ತದೆ. ಘಟ್ಟದ ಮೇಲಿನ ಮನೆಗಳು ತೋಟದ ನಡುವೆ ಒಂದಕ್ಕೊಂದು ದೂರ. ಕೂಗಿದರೆ ಕೇಳುವವರಿಲ್ಲ, ಕಣ್ಣಾರೆ ಕಂಡ ಸಾಕ್ಷಿ ಸಿಗುವುದು ಅಪರೂಪ. ಹಾಗಾಗಿ ಹಿಂಸೆ ನಡೆದ ದಿನವೋ ಮರುದಿನವೋ ನೀವು ಹೇಳಿಕೊಂಡ ಆಶಾ ಕಾರ್ಯಕರ್ತೆ ಅಥವಾ ಟೀಚರ್ ಇಲ್ಲಿ ದೊಡ್ಡ ಸಾಕ್ಷಿ.

ಅರ್ಜಿಯಲ್ಲಿ ಏನು ಕೇಳಬಹುದು? ಹತ್ತಿರ ಬರಬಾರದು, ಫೋನಿನಲ್ಲೂ ಕಾಡಬಾರದು ಎಂಬ ರಕ್ಷಣಾ ಆದೇಶ 18ನೇ ಕಲಂನಲ್ಲಿ. ಮನೆಯಲ್ಲಿ ಇರುವ ಹಕ್ಕು, ಇಲ್ಲವೇ ಬೇರೆ ಬಾಡಿಗೆ ಮನೆಯ ಖರ್ಚು 19ರಲ್ಲಿ. ತಿಂಗಳ ಹಣ, ಚಿಕಿತ್ಸೆಯ ಖರ್ಚು 20ರಲ್ಲಿ. ಮಕ್ಕಳ ತಾತ್ಕಾಲಿಕ ಪಾಲನೆ 21ರಲ್ಲಿ, ಮಾನಸಿಕ ಯಾತನೆಗೆ ಪರಿಹಾರ 22ರಲ್ಲಿ. ಸ್ತ್ರೀಧನ ಮರಳಿ ಕೊಡಿಸುವುದೂ 19ರಲ್ಲೇ ಇದೆ. ಮನೆ ಮಾವನ ಹೆಸರಿನಲ್ಲಿದೆ, ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದೆ ಎಂದು ಹೆದರಿಸುತ್ತಾರೆ. 2020ರ ಸತೀಶ್ ಚಂದರ್ ಅಹುಜಾ ತೀರ್ಪಿನ ನಂತರ ಗಂಡನ ಹೆಸರಿನಲ್ಲಿ ಇಲ್ಲದ ಮನೆಯೂ, ನೀವು ಅಲ್ಲಿ ಸಂಸಾರ ಮಾಡಿದ್ದರೆ, ಕೂಡುಮನೆ, ಅಂದರೆ ನೀವು ವಾಸಿಸುವ ಹಕ್ಕಿರುವ ಮನೆ, ಆಗಬಲ್ಲದು. ಆದರೆ ಸಿಗುವುದು ಇರುವ ಹಕ್ಕು ಮಾತ್ರ. ಪಾಲು ಬೇರೆ ವಿಷಯ, ಅದಕ್ಕೆ ಬೇರೆ ದಾವೆ.

ಈ ಕಾಯ್ದೆಯ ಜೀವ ಇರುವುದು 23ನೇ ಕಲಂನಲ್ಲಿ, ಅಂದರೆ ಕೇಸು ಮುಗಿಯುವ ಮೊದಲೇ ಸಿಗುವ ಮಧ್ಯಂತರ ಆದೇಶದಲ್ಲಿ. ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದಲ್ಲಿ ಇತ್ಯರ್ಥಕ್ಕೆ ಯತ್ನ ಎಂದು ಕಾಯ್ದೆ ಹೇಳಿದರೂ ನಿಜದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಸಮಯ ಹಿಡಿಯುತ್ತದೆ. ಆದ್ದರಿಂದ ಮುಖ್ಯ ಅರ್ಜಿಯ ಜೊತೆಯಲ್ಲೇ ನಮೂನೆ 3ರ ಪ್ರಮಾಣಪತ್ರ (ಅಫಿಡವಿಟ್) ಕೊಟ್ಟು, ಎದುರುದಾರ ಬರುವ ಮೊದಲೇ ಏಕಪಕ್ಷೀಯ ಆದೇಶ ಕೊಡಿ ಎಂದು ಕೇಳಬೇಕು. ಇದನ್ನು ಹಾಕದೆ ಬರೀ ನಮೂನೆ 2 ಹಾಕಿ, ನೋಟಿಸ್ ಜಾರಿಯಾಗಲಿ ಎಂದು ಕಾಯುತ್ತ ವರ್ಷ ಕಳೆದವರು ಬಹಳ. ನಿಮ್ಮ ವಕೀಲರನ್ನು ಮೊದಲ ದಿನ ಕೇಳಬೇಕಾದ ಪ್ರಶ್ನೆ ಇದು: ‘23ರ ಅರ್ಜಿ ಹಾಕಿದ್ದೀರಾ?’

ಪ್ರಮಾಣಪತ್ರ ಬರೆಯುವ ರೀತಿಯೂ ಮುಖ್ಯ. ‘ಮದುವೆಯಾದಂದಿನಿಂದ ಸದಾ ದೈಹಿಕ ಮಾನಸಿಕ ಹಿಂಸೆ ನೀಡುತ್ತಿದ್ದರು’ ಎಂಬ ವಾಕ್ಯ ಎಲ್ಲ ಅರ್ಜಿಯಲ್ಲೂ ಇರುತ್ತದೆ, ಅದರಿಂದ ಏನೂ ಸಾಬೀತಾಗುವುದಿಲ್ಲ. ‘ಕಳೆದ ಚೌತಿಯ ಮರುದಿನ ರಾತ್ರಿ ಸುಮಾರು ಒಂಬತ್ತಕ್ಕೆ, ಅಡುಗೆಮನೆಯಲ್ಲಿ, ಮಗಳ ಎದುರೇ, ಸೌದೆಯಿಂದ ಎಡ ಮೊಣಕೈಗೆ ಹೊಡೆದರು, ಮರುದಿನ ತಾಲೂಕು ಆಸ್ಪತ್ರೆಯಲ್ಲಿ ಪಟ್ಟಿ ಹಾಕಿಸಿಕೊಂಡೆ’ ಎಂದು ಬರೆಯಿರಿ. ತಾರೀಖು ನೆನಪಿಲ್ಲದಿದ್ದರೆ ಹಬ್ಬ, ಜಾತ್ರೆ, ಅಡಿಕೆ ಕೊಯ್ಲು, ಮಕ್ಕಳ ಪರೀಕ್ಷೆ ಯಾವುದಾದರೊಂದಕ್ಕೆ ಹೊಂದಿಸಿ ನೆನಪು ಮಾಡಿಕೊಳ್ಳಿ. ನಾಲ್ಕು ಘಟನೆ ಹೀಗೆ ನಿಖರವಾಗಿ ಇದ್ದರೆ ನಲವತ್ತು ಪುಟದ ಗೋಳಿಗಿಂತ ಹೆಚ್ಚು.

ರಕ್ಷಣಾ ಆದೇಶವನ್ನು ಮುರಿದರೆ ಮಾತ್ರ ಅದು ಅಪರಾಧ: ಒಂದು ವರ್ಷದವರೆಗೆ ಸೆರೆವಾಸ, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ, ಜಾಮೀನಿಲ್ಲದ ಕಲಂ. ಆದೇಶದ ಪ್ರಮಾಣೀಕೃತ ಪ್ರತಿ ಉಚಿತವಾಗಿ ಸಿಗುತ್ತದೆ. ಅದನ್ನು ನಿಮ್ಮ ಠಾಣೆಗೂ ಒಂದು ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಠಾಣೆಯಲ್ಲಿ ಪ್ರತಿ ಇಲ್ಲದಿದ್ದರೆ ರಾತ್ರಿ ಹತ್ತಕ್ಕೆ ಬಂದ ಪೊಲೀಸರಿಗೆ ಆದೇಶವಿದೆ ಎಂಬುದೇ ಗೊತ್ತಿರುವುದಿಲ್ಲ.

ಪೊಲೀಸ್ ದೂರು: ಯಾವಾಗ ಬೇಕು, ಯಾವಾಗ ಕಾಯಬಹುದು

ಹಳೆಯ ದಂಡಸಂಹಿತೆಯ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂ, 2024ರ ಜುಲೈ 1ರಿಂದ. ಗಂಡ ಅಥವಾ ಅವನ ಸಂಬಂಧಿಕರ ಕ್ರೌರ್ಯಕ್ಕೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ದಂಡ. ವರದಕ್ಷಿಣೆ ಕೇಳಿದ್ದರೆ 1961ರ ಕಾಯ್ದೆಯ 3 ಮತ್ತು 4ನೇ ಕಲಂಗಳೂ ಸೇರುತ್ತವೆ. ಜೀವಕ್ಕೆ ಅಪಾಯವಿದ್ದರೆ, ದೊಡ್ಡ ಗಾಯವಾಗಿದ್ದರೆ, ಸುಡುವ ಕೊಲ್ಲುವ ಬೆದರಿಕೆ ಇದ್ದರೆ, ವರದಕ್ಷಿಣೆಯ ಒತ್ತಡ ನಡೆಯುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಇಂಥ ಸಂದರ್ಭದಲ್ಲಿ ‘ಮೊದಲು ಡಿವಿ’ ಎಂಬ ನಮ್ಮ ಸಲಹೆ ಅನ್ವಯಿಸುವುದಿಲ್ಲ.

ಉಳಿದ ಸಂದರ್ಭಗಳಲ್ಲಿ ಈ ದಾರಿಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ತಿಳಿದು ಹೋಗಿ. ದೂರು ಕೊಟ್ಟ ಕೂಡಲೇ ಬಂಧನವಾಗುತ್ತದೆ ಎಂಬುದು ಹಳೆಯ ಕಲ್ಪನೆ. 2014ರ ಅರ್ನೇಶ್ ಕುಮಾರ್ ತೀರ್ಪಿನ ನಂತರ ಮೊದಲು ವಿಚಾರಣೆಗೆ ಬಾ ಎಂದು ನೋಟಿಸ್ ಕೊಡುತ್ತಾರೆ, ಬಂಧಿಸಬೇಕಾದರೆ ಕಾರಣ ಬರೆದಿಡಬೇಕು. ಎಫ್‌ಐಆರ್‌ಗೆ ಮೊದಲೇ ಪ್ರಾಥಮಿಕ ವಿಚಾರಣೆಗೂ ಅವಕಾಶವಿದೆ. ಹಣ, ಸೂರು ಈ ಕೇಸಿನಿಂದ ಬರುವುದಿಲ್ಲ. ಇನ್ನೊಂದು ಮಾತು: ಈ ಅಪರಾಧ ಕೆಳ ನ್ಯಾಯಾಲಯದಲ್ಲಿ ರಾಜಿಯಾಗುವಂಥದ್ದಲ್ಲ. ನಾಳೆ ಇಬ್ಬರೂ ಒಪ್ಪಿಕೊಂಡರೂ ಕೇಸ್ ರದ್ದಾಗಲು ಧಾರವಾಡದ ಹೈಕೋರ್ಟ್ ಪೀಠಕ್ಕೇ ಹೋಗಬೇಕು. ಹೆದರಿಸಲು ಹಾಕಿ, ಆಮೇಲೆ ಹಿಂಪಡೆಯೋಣ ಎಂದು ಯೋಚಿಸಿದ್ದರೆ ಈ ಖರ್ಚು, ಓಡಾಟ ಮೊದಲೇ ಲೆಕ್ಕಕ್ಕಿರಲಿ.

ದೂರು ಕೊಡಲು ಗಂಡನ ಊರಿಗೆ ಹೋಗಬೇಕಿಲ್ಲ. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಹಿಂಸೆ ನಡೆದು ನೀವು ಶಿರಸಿಯ ತವರಿಗೆ ಬಂದಿದ್ದರೆ ಶಿರಸಿಯಲ್ಲೇ ಕೊಡಬಹುದು. ಆಸರೆ ಪಡೆದ ಜಾಗದಲ್ಲಿ ಕೇಸ್ ನಡೆಯುತ್ತದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೇಳಿಕೆ ಪಡೆಯಲು ಹೆಂಗಸನ್ನು ಠಾಣೆಗೆ ಬಾ ಎಂದು ಒತ್ತಾಯಿಸುವಂತಿಲ್ಲ, ಅವಳು ಇರುವಲ್ಲಿಗೇ ಅವರು ಬರಬೇಕು. ಎಫ್‌ಐಆರ್ ಪ್ರತಿ ಉಚಿತ. ದೂರು ತೆಗೆದುಕೊಳ್ಳದಿದ್ದರೆ ಮಾತಿನ ಉತ್ತರ ಕೇಳಿ ಹಿಂದಿರುಗಬೇಡಿ, ಏಕೆ ತೆಗೆದುಕೊಳ್ಳುವುದಿಲ್ಲ ಎಂದು ಬರವಣಿಗೆಯಲ್ಲಿ ಹಿಂಬರಹ ಕೊಡಿ ಎಂದು ಕೇಳಿ. ಅದೂ ಇಲ್ಲವಾದರೆ ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಾರವಾರದ ಎಸ್‌ಪಿ ಕಚೇರಿಗೆ ಕಳಿಸಿ. ಅಲ್ಲೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ಅಂಚೆ ರಸೀದಿ ಇಟ್ಟುಕೊಳ್ಳಿ, ಮುಂದಿನ ಹೆಜ್ಜೆಗೆ ಅದೇ ಆಧಾರ.

ದೂರಿನಲ್ಲಿ ಮಾಡುವ ದೊಡ್ಡ ತಪ್ಪೆಂದರೆ ಇಡೀ ಬಳಗವನ್ನು ಸೇರಿಸುವುದು. ಪುಣೆಯಲ್ಲಿರುವ ನಾದಿನಿ, ಅವಳ ಗಂಡ, ವರ್ಷಕ್ಕೊಮ್ಮೆ ಹಬ್ಬಕ್ಕೆ ಬರುವ ದೊಡ್ಡಪ್ಪ ಹೀಗೆ ಎಲ್ಲರ ಹೆಸರು ಬರೆದು ಒಬ್ಬೊಬ್ಬರು ಏನು ಮಾಡಿದರು ಎಂದು ಹೇಳದಿದ್ದರೆ ಹೈಕೋರ್ಟ್ ಆ ಹೆಸರುಗಳನ್ನು ಕೈಬಿಡುತ್ತದೆ, ಉಳಿದವರ ಮೇಲಿನ ನಿಮ್ಮ ಮಾತಿನ ತೂಕವೂ ಇಳಿಯುತ್ತದೆ. 2022ರಲ್ಲೂ 2024ರಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಯಾರು ಏನು ಮಾಡಿದರೋ ಅಷ್ಟೇ ಬರೆಯಿರಿ.

ಜೀವನಾಂಶದ ಅರ್ಜಿ

ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ, ಮೊದಲಿನ ಸಿಆರ್‌ಪಿಸಿಯ 125. ಗಂಡ ಗೋವೆಯಲ್ಲೋ ಗಲ್ಫಿನಲ್ಲೋ ಇದ್ದಾನೆ, ಹಿಂಸೆಯ ಹೊಸ ಘಟನೆಗಳಿಲ್ಲ, ಆದರೆ ಹಣ ನಿಂತಿದೆ ಎಂದಾದರೆ ಇದು ಸರಳ. ಗರಿಷ್ಠ ಮಿತಿ ಇಲ್ಲ. ಮಧ್ಯಂತರ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನದಲ್ಲಿ ತೀರ್ಮಾನಿಸಲು ಯತ್ನಿಸಬೇಕು. ಕೊಡದಿದ್ದರೆ ವಾರಂಟ್, ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆವಾಸ. ಬಾಕಿ ವಸೂಲಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಇದನ್ನು ಮರೆತು ಹಳೆಯ ಬಾಕಿ ಕಳೆದುಕೊಂಡವರಿದ್ದಾರೆ. ವಿಚ್ಛೇದಿತೆಗೂ ಮರುಮದುವೆಯಾಗುವವರೆಗೆ ಈ ಹಕ್ಕಿದೆ. ಮುಸ್ಲಿಂ ವಿಚ್ಛೇದಿತೆಗೂ ಇದೆ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ‘ನಮ್ಮ ಧರ್ಮದವರಿಗೆ ಅದಿಲ್ಲ’ ಎಂದು ಹೇಳುವವರನ್ನು ನಂಬಬೇಡಿ.

ಹಾಗಾದರೆ 144ಕ್ಕೂ ಡಿವಿಯ 20ನೇ ಕಲಂಗೂ ಏನು ವ್ಯತ್ಯಾಸ? ಹಣ ಎರಡರಲ್ಲೂ ಇದೆ. 144ರಲ್ಲಿ ಮಾತು ಹಣಕ್ಕೆ ಸೀಮಿತ, ಹಿಂಸೆಯನ್ನು ಸಾಬೀತುಪಡಿಸುವ ಭಾರ ಕಡಿಮೆ. ಡಿವಿಯಲ್ಲಿ ಹಣದ ಜೊತೆ ಸೂರೂ ರಕ್ಷಣೆಯೂ ಇದೆ. ಅದಕ್ಕಿಂತ ಮುಖ್ಯವಾಗಿ 20(6) ಇದೆ: ಗಂಡನಿಗೆ ಸಂಬಳ ಕೊಡುವವರು ಅಥವಾ ಹಣ ಕೊಡಬೇಕಾದವರು ಒಂದು ಭಾಗವನ್ನು ನೇರವಾಗಿ ನಿಮಗೇ ಕೊಡಲಿ ಎಂದು ನ್ಯಾಯಾಲಯ ಆದೇಶಿಸಬಹುದು. ನಮ್ಮ ಜಿಲ್ಲೆಗೆ ಇದು ಹೇಳಿ ಮಾಡಿಸಿದ ಕಲಂ. ಅಡಿಕೆ ಬೆಳೆಗಾರ ಗಂಡನಿಗೆ ಸಂಬಳದ ಚೀಟಿ ಇರುವುದಿಲ್ಲ, ಆದರೆ ಅಡಿಕೆ ಮಾರಿದ ಹಣ ಸಹಕಾರಿ ಸೊಸೈಟಿಯ ಖಾತೆಯಲ್ಲಿ ಜಮೆಯಾಗುತ್ತದೆ. ಆ ಸೊಸೈಟಿಯ ಹೆಸರು, ಸದಸ್ಯತ್ವ ಸಂಖ್ಯೆ ಅರ್ಜಿಯಲ್ಲಿ ಬರೆದು ಅಲ್ಲಿಂದಲೇ ಕೊಡಿಸಿ ಎಂದು ಕೇಳಿ. ಆದೇಶ ಕಾಗದದಲ್ಲಿ ಉಳಿಯದೆ ಕೈಗೆ ಹಣವಾಗಿ ಬರಲು ಇದಕ್ಕಿಂತ ಗಟ್ಟಿ ದಾರಿ ಇಲ್ಲಿಲ್ಲ.

ಗಂಡನ ಆದಾಯ ತೋರಿಸುವುದು ಹೇಗೆ

ಎಲ್ಲಿ ಹಾಕಿದರೂ ಜೀವನಾಂಶಕ್ಕೆ ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಕೊಡಲೇಬೇಕು. 2020ರ ರಜನೇಶ್–ನೇಹಾ ತೀರ್ಪು ಅದರ ನಮೂನೆಯನ್ನೇ ಕೊಟ್ಟಿದೆ. ಅರ್ಜಿ ಹಾಕಿದ ದಿನದಿಂದಲೇ ಹಣ ಸಿಗಬೇಕೆಂದೂ ಹೇಳಿದೆ. ನಿಮ್ಮ ಪ್ರಮಾಣಪತ್ರ ಅರ್ಧಂಬರ್ಧ ಇದ್ದರೆ ಅವನದ್ದನ್ನು ಪ್ರಶ್ನಿಸುವ ಬಲವೇ ಇರುವುದಿಲ್ಲ. ಹಾಲು, ಗ್ಯಾಸ್, ಶಾಲೆ, ಔಷಧಿ, ಕರೆಂಟ್ ಬಿಲ್, ಮೊಬೈಲ್ ರೀಚಾರ್ಜ್ ಎಲ್ಲವನ್ನೂ ಬರೆಯಿರಿ. ‘ಇಷ್ಟು ಬೇಕು’ ಎಂದು ಒಂದೇ ಮೊತ್ತ ಬರೆದರೆ ನ್ಯಾಯಾಧೀಶರಿಗೆ ಅದನ್ನು ಅರ್ಧ ಮಾಡುವುದು ಸುಲಭ.

ಅವನ ಆದಾಯಕ್ಕೆ ದಾಖಲೆ ಹುಡುಕಬೇಕಾದ ಜಾಗಗಳು ಇವು. ತೋಟದವರಾದರೆ ಪಹಣಿ, ಅದು ಭೂಮಿ ತಂತ್ರಾಂಶದಲ್ಲಿ ಯಾರಿಗೂ ಸಿಗುತ್ತದೆ, ಜೊತೆಗೆ ಅಡಿಕೆ ಮಾರಾಟದ ಪಟ್ಟಿ, ಬೆಳೆಸಾಲದ ದಾಖಲೆ. ಮೀನುಗಾರರಾದರೆ ಬೋಟಿನ ನೋಂದಣಿ ಯಾರ ಹೆಸರಲ್ಲಿದೆ ನೋಡಿ. ಬೋಟಿನಲ್ಲಿ ದುಡಿಯುವವರಿಗೆ ಸಂಬಳವಿಲ್ಲ, ಹಿಡಿದ ಮೀನಿನ ಪಾಲು. ಹಾಗಾಗಿ ‘ಆದಾಯವೇ ಇಲ್ಲ’ ಎಂದು ಬರೆಯುವುದು ಸಾಮಾನ್ಯ. ಆಗ ಬ್ಯಾಂಕ್ ಪಾಸ್‌ಬುಕ್, ಬೈಕ್ ಸಾಲದ ಕಂತು, ಚೀಟಿ ಹಣ ಇವೆಲ್ಲ ಲೆಕ್ಕ ಹೇಳುತ್ತವೆ, ದುಡಿಯುವ ಶಕ್ತಿ ಇದ್ದವನು ಕೊಡಲೇಬೇಕು ಎಂಬುದು ನ್ಯಾಯಾಲಯಗಳ ನಿಲುವು. ನೋಟಿಸ್ ಜಾರಿಗೂ ಇಲ್ಲೊಂದು ಕಾಲವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಉಳಿದ ಸಮಯದಲ್ಲಿ ‘ಕಡಲಿಗೆ ಹೋಗಿದ್ದಾರೆ’ ಎಂದು ಹಿಂದಿರುಗುವ ನೋಟಿಸು ಆ ಎರಡು ತಿಂಗಳಲ್ಲಿ ಕೈಗೆ ಮುಟ್ಟುತ್ತದೆ. ಬೇಸಿಗೆಯಲ್ಲಿ ಅರ್ಜಿ ಹಾಕಿದ್ದರೆ ಜೂನ್ ಮೊದಲ ವಾರಕ್ಕೆ ಹೊಸ ನೋಟಿಸ್ ಕೇಳಿ.

ಚಿನ್ನದ ಲೆಕ್ಕದಲ್ಲಿ ಒಂದು ಎಚ್ಚರ. ಪೊಲೀಸ್ ದೂರಿನಲ್ಲಿ 25 ತೊಲ, ಡಿವಿ ಅರ್ಜಿಯಲ್ಲಿ 40 ತೊಲ ಎಂದಾದರೆ ಎರಡೂ ಕೇಸು ಒಟ್ಟಿಗೆ ಕುಸಿಯುತ್ತವೆ. ಮದುವೆಯ ಫೋಟೋ ಮುಂದಿಟ್ಟುಕೊಂಡು ಒಂದೊಂದೇ ಒಡವೆ ಬರೆದು, ಕೊಟ್ಟವರು ಯಾರು, ಈಗ ಯಾರ ಬಳಿ ಇದೆ ಎಂದು ಪಟ್ಟಿ ಮಾಡಿ. ಎಲ್ಲ ಕೇಸಿಗೂ ಅದೇ ಪಟ್ಟಿ. ವಾಟ್ಸ್‌ಆ್ಯಪ್ ಸಂದೇಶ, ಧ್ವನಿಮುದ್ರಿಕೆಗಳಿದ್ದರೆ ಮೂಲ ಫೋನ್ ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ದೃಢೀಕರಣ ಪತ್ರದ (ಸರ್ಟಿಫಿಕೇಟ್) ಜೊತೆ ಕೊಡಬೇಕು, ಬರೀ ಸ್ಕ್ರೀನ್‌ಶಾಟ್‌ನ ಪ್ರಿಂಟ್ ನಿಲ್ಲುವುದಿಲ್ಲ.

ವಿಚ್ಛೇದನ: ಅವಸರ ಬೇಡ

ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಯಾಗಿ ಒಂದು ವರ್ಷವಾಗುವವರೆಗೆ ಸಾಮಾನ್ಯವಾಗಿ ಅರ್ಜಿ ಹಾಕಲಾಗದು. ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿಯ ನಂತರ ಆರು ತಿಂಗಳ ಕಾಯುವಿಕೆ. 2017ರ ತೀರ್ಪಿನಂತೆ ಸೂಕ್ತ ಪ್ರಕರಣದಲ್ಲಿ ನ್ಯಾಯಾಲಯ ಆ ಆರು ತಿಂಗಳನ್ನು ಬಿಡಬಹುದು. ಹೆಂಡತಿ ತಾನು ವಾಸವಿರುವ ಊರಿನಲ್ಲೇ ಹಾಕಬಹುದು. ಗಂಡ ಒಪ್ಪದಿದ್ದರೆ ಕ್ರೌರ್ಯವನ್ನು ಸಾಬೀತುಪಡಿಸಬೇಕು, ಇದು ವರ್ಷಗಳ ಕೆಲಸ. ಮುಸ್ಲಿಂ, ಕ್ರೈಸ್ತ ಮದುವೆಗಳಿಗೆ ಬೇರೆ ಕಾಯ್ದೆ. ಕಾರವಾರದ ಕಡೆಯಿಂದ ಗೋವೆಗೆ ಕೊಟ್ಟ ಹೆಣ್ಣುಮಕ್ಕಳ ಮದುವೆ ಅಲ್ಲೇ ನೋಂದಣಿಯಾಗಿದ್ದರೆ ಅಲ್ಲಿನ ಕಾನೂನು ಪೂರಾ ಬೇರೆ. ಬೇರೆ ಒಪ್ಪಂದವಿಲ್ಲದಿದ್ದರೆ ಅಲ್ಲಿ ಗಂಡಹೆಂಡಿರ ಆಸ್ತಿಯಲ್ಲಿ ಅರ್ಧ ಹಕ್ಕೇ ಇರಬಹುದು. ಅದನ್ನು ತಿಳಿಯದೆ ಇಲ್ಲಿ ಒಂದಿಷ್ಟು ಹಣಕ್ಕೆ ಸಹಿ ಹಾಕುವುದು ದೊಡ್ಡ ನಷ್ಟ. ಡಿವಿ ಅರ್ಜಿ ಮಾತ್ರ ಅಂಥವರೂ ಕಾರವಾರದಲ್ಲೇ ಹಾಕಬಹುದು, ತವರಿನಲ್ಲಿ ತಾತ್ಕಾಲಿಕವಾಗಿ ಇದ್ದರೂ ಸಾಕು.

ವಿಚ್ಛೇದನವನ್ನೇ ಮೊದಲು ಹಾಕಿದರೆ ಆಗುವ ನಷ್ಟವೆಂದರೆ ಮನೆಯಲ್ಲಿ ಇರುವ ಹಕ್ಕಿನ ಮಾತು ಹಿಂದೆ ಸರಿದು ‘ಎಷ್ಟು ಕೊಟ್ಟರೆ ಬಿಡುತ್ತಾಳೆ’ ಎಂಬ ಚೌಕಾಸಿ ಮುಂದೆ ಬರುತ್ತದೆ. ಡಿವಿಯ ಮಧ್ಯಂತರ ಆದೇಶ ಕೈಯಲ್ಲಿದ್ದು ಮಾತಿಗೆ ಕೂತರೆ ಚಿತ್ರವೇ ಬೇರೆ.

ಪಂಚಾಯ್ತಿ, ಮುಚ್ಚಳಿಕೆ, ಬಾಂಡ್ ಪೇಪರ್

ಊರ ಹಿರಿಯರು ಕೂತು ಬಗೆಹರಿಸುವುದು ಕೆಟ್ಟದ್ದಲ್ಲ. ಕೆಡುವುದು ಅಲ್ಲಿ ಬರೆಯುವ ಕಾಗದದಿಂದ. ‘ಇಬ್ಬರೂ ಪರಸ್ಪರ ಒಪ್ಪಿ ಬೇರೆ ವಾಸಿಸಲು ತೀರ್ಮಾನಿಸಿದ್ದೇವೆ’ ಎಂಬ ಒಂದು ಸಾಲು ನೋಡಲು ನಿರಪಾಯಕಾರಿ. ಆದರೆ ಒಪ್ಪಿಗೆಯಿಂದ ಬೇರೆ ಇರುವ ಹೆಂಡತಿಗೆ ಜೀವನಾಂಶವಿಲ್ಲ ಎಂದು 144(4) ಹೇಳುತ್ತದೆ. ಆ ಸಾಲಿಗೆ ಸಹಿ ಹಾಕಿದರೆ ಎದುರು ಪಕ್ಷಕ್ಕೆ ವಾದವನ್ನು ನೀವೇ ಬರೆದುಕೊಟ್ಟಂತೆ. ಬಾಂಡ್ ಪೇಪರಿನ ಸೋಡಚೀಟಿಯಿಂದ, ಸಾಬೀತಾದ ಪದ್ಧತಿ ಇರುವ ಸಮುದಾಯಗಳನ್ನು ಬಿಟ್ಟರೆ, ಹಿಂದೂ ಮದುವೆ ಮುಗಿಯುವುದಿಲ್ಲ. ಅದನ್ನು ನಂಬಿ ಮರುಮದುವೆಯಾದರೆ ಎರಡನೇ ಮದುವೆಯೇ ಅಸಿಂಧು. ಠಾಣೆಯಲ್ಲಿ ‘ನನ್ನದೇನೂ ದೂರಿಲ್ಲ’ ಎಂದು ಬರೆಸಿಕೊಳ್ಳುವ ಮುಚ್ಚಳಿಕೆಗೂ ಇದೇ ಮಾತು. ಬಗೆಹರಿಯುವುದಾದರೆ ಮಧ್ಯಸ್ಥಿಕೆ ಕೇಂದ್ರದಲ್ಲೋ ಲೋಕ ಅದಾಲತ್‌ನಲ್ಲೋ ಬಗೆಹರಿಯಲಿ, ನ್ಯಾಯಾಲಯ ದಾಖಲಿಸಿದ ರಾಜಿಯನ್ನು ಮುರಿದರೆ ಜಾರಿಗೆ ತರಲು ದಾರಿ ಇರುತ್ತದೆ. ಮಹಿಳಾ ಆಯೋಗಕ್ಕೆ ಬರೆಯುವುದರಿಂದ ಪೊಲೀಸರ ವರದಿ ತರಿಸಬಹುದು. ಜೀವನಾಂಶ ಕೊಡು, ಮನೆ ಬಿಡು ಎಂಬ ಆದೇಶ ಮಾತ್ರ ನ್ಯಾಯಾಲಯದಿಂದಲೇ ಬರಬೇಕು.

ಅತ್ತೆಮಾವ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟು ಸೊಸೆಯನ್ನು ಹೊರಹಾಕಿಸಲು ನೋಡುವುದುಂಟು. ಅಂಥ ನೋಟಿಸ್ ಬಂದರೆ ಹಾಜರಾಗದೆ ಇರಬೇಡಿ. ಆ ಕಾಯ್ದೆಯನ್ನು ಸೊಸೆಯ ವಾಸದ ಹಕ್ಕು ಕಸಿಯಲು ಬಳಸುವಂತಿಲ್ಲ ಎಂದು 2020ರಲ್ಲಿ ಕರ್ನಾಟಕದ್ದೇ ಪ್ರಕರಣವೊಂದರಲ್ಲಿ, ಎಸ್. ವನಿತಾ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪನ್ನು ಲಗತ್ತಿಸಿ ಆಕ್ಷೇಪಣೆ ಕೊಡಿ, ಡಿವಿ ಅರ್ಜಿ ಅದುವರೆಗೆ ಹಾಕಿರದಿದ್ದರೆ ಅದೇ ವಾರ ಹಾಕಿ.

ಒಂದಕ್ಕಿಂತ ಹೆಚ್ಚು ಕೇಸು ಹಾಕುವಾಗ

ಡಿವಿ ಮತ್ತು 144 ಎರಡರಲ್ಲೂ ಹಣ ಕೇಳಬಹುದು, ಆದರೆ ಒಂದರಲ್ಲಿ ಸಿಕ್ಕಿದ್ದನ್ನು ಇನ್ನೊಂದರಲ್ಲಿ ಹೊಂದಿಸುತ್ತಾರೆ. ಮೊದಲ ಕೇಸಿನ ವಿಷಯ ಮುಚ್ಚಿಟ್ಟರೆ ನಿಮ್ಮ ಮೇಲಿನ ನಂಬಿಕೆಯೇ ಹೋಗುತ್ತದೆ, ಎಲ್ಲವನ್ನೂ ತಿಳಿಸಲೇಬೇಕು. ಎರಡು ನ್ಯಾಯಾಲಯಕ್ಕೆ ಓಡಾಡುವುದೂ ಸುಲಭವಲ್ಲ. ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸಿನ ಖರ್ಚು ಉಳಿಯುತ್ತದೆ ನಿಜ, ಆದರೆ ಘಟ್ಟ ಇಳಿದು ಹತ್ತುವ ಒಂದು ದಿನದ ಕೂಲಿ ಹೋಗುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಅಂದಿನ ದಿನವೇ ವಕೀಲರಿಗೆ ತಿಳಿಸಿ ಮುಂದೂಡಿಕೆ ಕೇಳಿಸಿ. ಹೇಳದೆ ಗೈರಾದರೆ ಅರ್ಜಿ ವಜಾ ಆಗಬಹುದು. ಡಿವಿ ಆದೇಶದ ಮೇಲೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿಗೆ 30 ದಿನ.

ವಕೀಲರ ಖರ್ಚು

1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ, ಆದಾಯ ಪ್ರಮಾಣಪತ್ರ ಬೇಕಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಕಾರವಾರದಲ್ಲಿದೆ, ತಾಲೂಕು ನ್ಯಾಯಾಲಯಗಳಲ್ಲಿ ತಾಲೂಕು ಸಮಿತಿಗಳಿವೆ, ಸಹಾಯವಾಣಿ 15100. ಒಂದು ಹಾಳೆಯಲ್ಲಿ ಹೆಸರು, ವಿಳಾಸ, ಏನಾಗಿದೆ, ಯಾವ ಕೇಸು ಹಾಕಬೇಕು ಎಂದು ಬರೆದುಕೊಟ್ಟರೆ ಸಾಕು, ಆಧಾರ್ ಪ್ರತಿ ಜೊತೆಗಿರಲಿ. ನ್ಯಾಯಾಲಯದ ಶುಲ್ಕ, ಟೈಪಿಂಗ್ ಖರ್ಚನ್ನೂ ಅವರೇ ಭರಿಸಬೇಕು. ನೇಮಕವಾದ ವಕೀಲರು ಹಣ ಕೇಳಿದರೆ, ದಿನಾಂಕಕ್ಕೆ ಬಾರದಿದ್ದರೆ, ನಿಮ್ಮೊಂದಿಗೆ ಕೂತು ಪ್ರಮಾಣಪತ್ರ ಬರೆಯಲು ಸಮಯ ಕೊಡದಿದ್ದರೆ ಸುಮ್ಮನಿರಬೇಡಿ. ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಕೇಸ್ ಸಂಖ್ಯೆ, ಮುಂದಿನ ದಿನಾಂಕ, ತೊಂದರೆ ಏನು ಎಂದು ಬರೆದು ಬೇರೆ ವಕೀಲರನ್ನು ಕೊಡಿ ಎಂದು ಕೇಳಬಹುದು. ವಕೀಲರು ಬದಲಾದ ದಿನವೇ ಹಳೆಯವರಿಂದ ಮೂಲ ದಾಖಲೆಗಳನ್ನು ಪಟ್ಟಿ ಮಾಡಿ ವಾಪಸು ಪಡೆಯಿರಿ, ಅದರಲ್ಲೂ ಆಸ್ಪತ್ರೆಯ ಚೀಟಿ ಮತ್ತು ಒಡವೆಯ ಪಟ್ಟಿ.